‘ದೇಖ್’ ಎಲ್ಲಿಂದ ಬಂತು?

ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ, ಅಂತಸ್ತು ಅಂತಸ್ತಾಗಿ ಏರಿದ ಕಲ್ಲುಕಟ್ಟಡವೊಂದರ ನೆತ್ತಿಯ ಮೇಲೆ ಅಶೋಕನ ಕಂಬ ನಿಂತಿದೆ. 14ನೇ ಶತಮಾನದಲ್ಲಿ ಸುಲ್ತಾನ ಫಿರೋಜ್ ಷಾ ತುಘಲಕ್ ಅದನ್ನು ಈಗಿನ ಹರಿಯಾಣದ ಟೋಪ್ರಾದಿಂದ ತರಿಸಿ ಅಲ್ಲಿ ನಿಲ್ಲಿಸಿದ. ಆ ಕಂಬದ ಮೂರನೆಯ ಶಾಸನ ಚಿಕ್ಕದು. ಮನುಷ್ಯ ತಾನು ಮಾಡಿದ ಒಳಿತನ್ನು ಮಾತ್ರ ನೋಡಿಕೊಳ್ಳುತ್ತಾನೆ, ಕೆಡುಕನ್ನು ನೋಡಿಕೊಳ್ಳುವುದಿಲ್ಲ ಎಂದು ಅಶೋಕ ಅಲ್ಲಿ ಹೇಳುತ್ತಾನೆ. ‘ನೋಡುತ್ತಾನೆ’ ಎನ್ನುವುದಕ್ಕೆ ಅವನು ಬಳಸಿದ ಕ್ರಿಯಾಪದ ‘ದೇಖತಿ’.

ಈ ಮಾತನ್ನು ಕಲ್ಲಿನಲ್ಲಿ ಕೆತ್ತಿ 2,200 ವರ್ಷಗಳ ಮೇಲಾಯಿತು. ಕಂಬದ ಸುತ್ತ ಇವತ್ತು ಓಡಾಡುವ ದೆಹಲಿಯ ಮಕ್ಕಳು ‘ದೇಖತಾ’ ಎನ್ನುತ್ತಾರೆ. ಸಾಮ್ರಾಜ್ಯಗಳು ಬಂದು ಹೋದವು, ಲಿಪಿ ಯಾರಿಗೂ ಓದಲು ಬಾರದಂತೆ ಮರೆತುಹೋಯಿತು, 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಮತ್ತೆ ಅದನ್ನು ಓದಿದ. ಅಷ್ಟೂ ಕಾಲ ಕ್ರಿಯಾಪದ ಮಾತ್ರ ಜನರ ಬಾಯಲ್ಲೇ ಇತ್ತು.

ಹಿಂದಿ ವ್ಯಾಕರಣ ಕಲಿಯುವವರು ‘ದೇಖನಾ’ ಎಲ್ಲಿಂದ ಬಂತು ಎಂದು ಕೇಳಿದರೆ ‘ಸಂಸ್ಕೃತದ ದೃಶ್ ಧಾತುವಿನಿಂದ’ ಎಂಬ ಉತ್ತರ ಸಿಗುತ್ತದೆ. ಆ ಉತ್ತರ ಸುಳ್ಳಲ್ಲ, ಆದರೆ ಅಲ್ಲಿಗೇ ನಿಂತರೆ ನಿಜವಾದ ಒಗಟು ಕಣ್ಣಿಗೆ ಬೀಳುವುದೇ ಇಲ್ಲ. ಸಂಸ್ಕೃತದಲ್ಲಿ ‘ದೃಶ್’ ಧಾತುವಿಗೆ ವರ್ತಮಾನ ಕಾಲದ ರೂಪವೇ ಇಲ್ಲ. ‘ಅವನು ನೋಡಿದನು’ ಎನ್ನಲು ‘ದದರ್ಶ’ ಇದೆ, ‘ನೋಡುವನು’ ಎನ್ನಲು ‘ದ್ರಕ್ಷ್ಯತಿ’ ಇದೆ. ‘ನೋಡುತ್ತಾನೆ’ ಎನ್ನಬೇಕಾದರೆ ಮಾತ್ರ ಬೇರೆಯೇ ಧಾತುವಿನ ಮೊರೆ ಹೋಗಬೇಕು: ‘ಪಶ್ಯತಿ’. ಇದು ಗೂಢಚಾರ ಎಂಬ ಅರ್ಥದ ‘ಸ್ಪಶ’ ಶಬ್ದದ ನೆಂಟ. ಎರಡು ಧಾತುಗಳು ಸೇರಿ ಒಂದು ಕ್ರಿಯಾಪದದ ಸಂಸಾರ ನಡೆಸುವುದು ಭಾಷೆಗಳಿಗೆ ಹೊಸದಲ್ಲ. ಹಿಂದಿಯಲ್ಲೇ ‘ಜಾತಾ’ ಒಂದು ಧಾತುವಿನದು, ‘ಗಯಾ’ ಇನ್ನೊಂದರದು. ಆದರೆ ಇಲ್ಲದ ವರ್ತಮಾನ ರೂಪವೊಂದು ಅಶೋಕನ ಕಂಬದ ಮೇಲೆ ಬಂದದ್ದು ಹೇಗೆ?

ಅದನ್ನು ಹೇಳುವ ಮೊದಲು ಒಂದು ಧ್ವನಿನಿಯಮ ನೋಡಬೇಕು. ಕನ್ನಡಿಗರಿಗೆ ಇದು ಹುಟ್ಟಿನಿಂದ ಗೊತ್ತಿರುವ ವಿದ್ಯೆ. ರಾಕ್ಷಸ ನಮ್ಮಲ್ಲಿ ರಕ್ಕಸನಾದ, ಯಕ್ಷ ಜಕ್ಕನಾದ, ಅಕ್ಷರ ಅಕ್ಕರವಾಯಿತು, ಪಕ್ಷಿ ಪಕ್ಕಿಯಾಗಿ ಮುಂದೆ ಹಕ್ಕಿಯಾಯಿತು. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಇಂಥ ಮಾರ್ಪಾಟುಗಳನ್ನು ವಿಂಗಡಿಸಿ ಇಟ್ಟಿದ್ದಾನೆ. ಇವುಗಳಲ್ಲಿ ಬಹಳಷ್ಟು ನೇರವಾಗಿ ಸಂಸ್ಕೃತದಿಂದ ಸವೆದು ಬಂದವಲ್ಲ, ಪ್ರಾಕೃತದಲ್ಲಿ ಮೊದಲೇ ಸವೆದ ರೂಪಗಳನ್ನು ಕನ್ನಡ ಎತ್ತಿಕೊಂಡಿತು. ಪ್ರಾಕೃತದಲ್ಲಿ ‘ಕ್ಷ’ ಕಾರ ಎರಡು ದಾರಿ ಹಿಡಿಯಿತು. ಒಂದರಲ್ಲಿ ಅದು ‘ಕ್ಖ’ ಆಯಿತು, ಇನ್ನೊಂದರಲ್ಲಿ ‘ಚ್ಛ’ ಆಯಿತು. ಹಾಗಾಗಿಯೇ ಕಣ್ಣಿಗೆ ‘ಅಕ್ಖಿ’ಯೂ ಉಂಟು, ‘ಅಚ್ಛಿ’ಯೂ ಉಂಟು. ಕನ್ನಡದ ಹಳ್ಳಿಗಳಲ್ಲಿ ಲಕ್ಷ್ಮಿ ಒಂದು ಮನೆಯಲ್ಲಿ ಲಕ್ಕಿ, ಪಕ್ಕದ ಮನೆಯಲ್ಲಿ ಲಚ್ಚಿ ಆಗಿರುವುದರ ಹಿಂದೆ ಇರುವುದೂ ಇದೇ ಕವಲು.

ಈಗ ‘ದ್ರಕ್ಷ್ಯತಿ’ ಎಂಬ ಭವಿಷ್ಯತ್ ರೂಪವನ್ನು ಪ್ರಾಕೃತದ ಬಾಯಿಗೆ ಕೊಟ್ಟು ನೋಡಿ. ಮೊದಲ ‘ರ’ ಉದುರುತ್ತದೆ, ‘ಕ್ಷ್ಯ’ ಎಂಬ ಗಂಟು ಸಡಿಲವಾಗಿ ‘ಕ್ಖ’ ಆಗುತ್ತದೆ. ಸಿಗುವುದು ‘ದಕ್ಖತಿ’. ಇಲ್ಲಿ ಒಂದು ಸಣ್ಣ ಅವಘಡ ಆಗಿದೆ. ಭವಿಷ್ಯತ್ತನ್ನು ಸೂಚಿಸುವ ‘ಷ್ಯ’ ಪ್ರತ್ಯಯ ಆ ‘ಕ್ಖ’ದೊಳಗೆ ಕರಗಿ ಕಣ್ಮರೆಯಾಗಿದೆ. ಉಳಿದ ರೂಪ ಕೇಳುವವರ ಕಿವಿಗೆ ‘ಗಚ್ಛತಿ’, ‘ಪುಚ್ಛತಿ’ಗಳಂತೆ ಸಾಕ್ಷಾತ್ ವರ್ತಮಾನ ಕಾಲ. ಜನ ಅದನ್ನು ಹಾಗೆಯೇ ಬಳಸತೊಡಗಿದರು. ಪಾಲಿ ಗ್ರಂಥಗಳಲ್ಲಿ ಈ ಬದಲಾವಣೆಯ ಜಾಡು ಇನ್ನೂ ಹಸಿಯಾಗಿದೆ. ಅಲ್ಲಿ ‘ದಕ್ಖತಿ’ ಕೆಲವು ಕಡೆ ‘ನೋಡುವನು’, ಕೆಲವು ಕಡೆ ‘ನೋಡುತ್ತಾನೆ’. ಭವಿಷ್ಯತ್ತಿನ ಗುರುತು ಮಾಸಿದ ಮೇಲೆ ಅದಕ್ಕೆ ಇನ್ನೊಮ್ಮೆ ಪ್ರತ್ಯಯ ಹಚ್ಚಿ ‘ದಕ್ಖಿಸ್ಸತಿ’ ಎಂದೂ ಮಾಡಿಕೊಂಡರು. ಭವಿಷ್ಯತ್ತಿನ ಮೇಲೊಂದು ಭವಿಷ್ಯತ್ತು! ಕಾಲಗಳ ನಡುವಿನ ಗೆರೆ ಬಾಯಿಮಾತಿನಲ್ಲಿ ಎಷ್ಟು ತೆಳುವೆಂದು ‘ನಾಳೆ ಬರ್ತೀನಿ’ ಎನ್ನುವ ನಮಗೆ ಯಾರೂ ವಿವರಿಸಬೇಕಿಲ್ಲ. ಪಾಲಿ ನಿಘಂಟುಕಾರ ರಾಬರ್ಟ್ ಚೈಲ್ಡರ್ಸ್ 1870ರ ದಶಕದಲ್ಲಿ ಭವಿಷ್ಯತ್ ರೂಪದಿಂದ ಈ ಕ್ರಿಯಾಪದ ಹುಟ್ಟಿತೆಂಬ ವಾದವನ್ನು ಮುಂದಿಟ್ಟರು.

ಆದರೆ ‘ದಕ್ಖ’ದ ಅಕಾರ ‘ದೆಕ್ಖ’ದ ಎಕಾರ ಆದದ್ದು ಹೇಗೆ? ಗದ್ದಲವೆಲ್ಲ ಈ ಒಂದು ಸ್ವರದ ಸುತ್ತ.

ಜರ್ಮನ್ ವಿದ್ವಾಂಸ ರಿಚರ್ಡ್ ಪಿಶೆಲ್ ಭವಿಷ್ಯತ್ ವಾದವನ್ನು ಒಪ್ಪಲಿಲ್ಲ. ವೈಯಾಕರಣ ಹೇಮಚಂದ್ರನ ಪ್ರಾಕೃತ ವ್ಯಾಕರಣವನ್ನೂ ದೇಶೀನಾಮಮಾಲೆಯನ್ನೂ ಸಂಪಾದಿಸಿದವರು ಅವರು. 1900ರಲ್ಲಿ ಅವರು ಪ್ರಕಟಿಸಿದ ಪ್ರಾಕೃತ ಭಾಷೆಗಳ ವ್ಯಾಕರಣ ಇವತ್ತಿಗೂ ಈ ಕ್ಷೇತ್ರದ ತಳಪಾಯ. ‘ತಾದೃಕ್ಷ’, ‘ಈದೃಕ್ಷ’ (ಅಂಥ, ಇಂಥ) ಎಂಬ ಮಾತುಗಳಲ್ಲಿ ‘ದೃಕ್ಷ’ ಎಂಬ ಅಂಗ ಸಂಸ್ಕೃತದಲ್ಲೇ ಇದೆ. ಅದರಿಂದ ‘ದೃಕ್ಷತಿ’ ಎಂಬ ವರ್ತಮಾನ ರೂಪ ಜನಭಾಷೆಯಲ್ಲಿ ಇದ್ದಿರಬೇಕು, ಗ್ರಂಥಗಳು ಅದನ್ನು ದಾಖಲಿಸಲಿಲ್ಲ ಅಷ್ಟೆ ಎಂಬುದು ಅವರ ನಿಲುವು. ಪ್ರಾಕೃತದಲ್ಲಿ ಋಕಾರ ಒಂದೊಂದು ಶಬ್ದದಲ್ಲಿ ಒಂದೊಂದು ಸ್ವರವಾಗುತ್ತದೆ. ಋಷಿ ನಮ್ಮಲ್ಲಿ ರಿಸಿ, ಶೃಂಗಾರ ಸಿಂಗಾರ ಆದದ್ದು ಇಕಾರದ ದಾರಿ. ಒತ್ತಕ್ಷರದ ಮುಂದೆ ಆ ಇಕಾರ ಎಕಾರಕ್ಕೆ ಜಾರುವುದೂ ಉಂಟು: ‘ಗೃಹ್ಣಾತಿ’ ಎಂಬುದು ‘ಗೆಣ್ಹಇ’ ಆಗಿದೆ. ಹಾಗೆಯೇ ‘ದೃಕ್ಷತಿ’ ಕೂಡ ‘ದೆಕ್ಖಇ’ ಆಯಿತು ಎಂದರೆ ಲೆಕ್ಕ ಸರಿಹೋಗುತ್ತದೆ. 1966ರಲ್ಲಿ ಹೊರಬಂದ ರಾಲ್ಫ್ ಟರ್ನರ್ ಅವರ ಇಂಡೋ-ಆರ್ಯನ್ ಭಾಷೆಗಳ ತೌಲನಿಕ ನಿಘಂಟಿನಲ್ಲೂ ಈ ಕುಟುಂಬದ ಮಾತುಗಳೆಲ್ಲ ‘ದೃಕ್ಷತಿ’ ಎಂಬ ಊಹಿತ ರೂಪದ ಕೆಳಗೇ ಇವೆ.

ಮೂರನೆಯ ದಾರಿಯೊಂದಿದೆ. ನನಗೆ ಹೆಚ್ಚು ಹಿಡಿಸುವುದು ಅದು. ಪ್ರಾಕೃತದಲ್ಲಿ ನೋಡುವುದಕ್ಕೆ ಇನ್ನೊಂದು ಬಲವಾದ ಕ್ರಿಯಾಪದವಿತ್ತು. ಸಂಸ್ಕೃತದ ‘ಪ್ರೇಕ್ಷತೇ’ ಶೌರಸೇನಿಯಲ್ಲಿ ‘ಪೆಕ್ಖದಿ’, ಮಾಹಾರಾಷ್ಟ್ರಿಯಲ್ಲಿ ‘ಪೆಚ್ಛಇ’, ಮಾಗಧಿಯಲ್ಲಿ ‘ಪೆಸ್ಕದಿ’. ಸಂಸ್ಕೃತ ನಾಟಕಗಳಲ್ಲಿ ಸಖಿಯರೂ ವಿದೂಷಕರೂ ಹೆಜ್ಜೆಹೆಜ್ಜೆಗೆ ‘ಪೆಕ್ಖ’ ಎನ್ನುತ್ತಾರೆ. ಒಂದೇ ಅರ್ಥದ ‘ದಕ್ಖ’ ಮತ್ತು ‘ಪೆಕ್ಖ’ ಒಂದೇ ನಾಲಗೆಯ ಮೇಲೆ ದಿನವಿಡೀ ಓಡಾಡಿದಾಗ ಪಕ್ಕದ ಮಾತಿನ ಎಕಾರ ಇದಕ್ಕೂ ಅಂಟಿಕೊಂಡಿತು ಎಂಬುದು ಈ ವಾದ.

ಈ ಅಂಟಿಕೊಳ್ಳುವಿಕೆ ಬರಿಯ ಊಹೆಯಾಗಿ ಉಳಿಯದಂತೆ ಮಾಡುವುದು ಅಶೋಕನ ಅದೇ ಕಂಬಶಾಸನ. ಅದನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಒಳಿತನ್ನು ‘ದೇಖತಿ’, ಕೆಡುಕನ್ನು ‘ದೇಖತಿ’ ಇಲ್ಲ ಎಂದು ಎರಡು ಸಲ ಹೇಳಿದ ಮೇಲೆ, ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು ಕಷ್ಟ ಎಂದು ಅಶೋಕ ಸೇರಿಸುತ್ತಾನೆ. ಆ ಮಾತು ‘ದುಪಟಿವೇಖೇ’. ಇದು ‘ಪ್ರತ್ಯವೇಕ್ಷಣೆ’ಯ ವಂಶ, ಎಂದರೆ ‘ಪ್ರೇಕ್ಷತೇ’ಯಲ್ಲಿರುವ ‘ಈಕ್ಷ್’ ಧಾತುವಿನದೇ ಕುಡಿ. ಅದರ ಬೆನ್ನಿಗೇ, ಹಾಗಿದ್ದರೂ ಹೀಗೆ ನೋಡಿಕೊಳ್ಳಬೇಕು ಎನ್ನುವಾಗ ಮತ್ತೆ ‘ದೇಖಿಯೇ’. ದೃಶ್ ವಂಶದ ಎರಡು ‘ದೇಖ’, ನಡುವೆ ಈಕ್ಷ್ ವಂಶದ ಒಂದು ‘ವೇಖ’, ಮತ್ತೆ ಒಂದು ‘ದೇಖ’. ಎಲ್ಲವೂ ಕೈಚಾಚಿದರೆ ಸಿಗುವಷ್ಟು ಹತ್ತಿರ. ಎರಡು ವಂಶಗಳ ಮಾತು ಇಷ್ಟು ಹತ್ತಿರ ಕುಳಿತು ಒಂದೇ ಪ್ರಾಸದಲ್ಲಿ ಮೊಳಗುವಾಗ ಒಂದರ ಸ್ವರ ಇನ್ನೊಂದಕ್ಕೆ ಹತ್ತುವುದರಲ್ಲಿ ಆಶ್ಚರ್ಯವೇನು? ಇನ್ನು ಆ ‘ದೇಖಿಯೇ’ ಹಿಂದಿಯ ‘ದೇಖಿಯೇ’ಯಂತೆಯೇ ಕೇಳಿಸುತ್ತದೆ. ವ್ಯಾಕರಣದ ಹುಟ್ಟು ಬೇರೆ, ಅಶೋಕನದು ‘ನೋಡತಕ್ಕದ್ದು’ ಎಂಬ ವಿಧಿರೂಪ. ಆದರೂ ಓದುವಾಗ ಮೈ ಜುಮ್ಮೆನ್ನದೆ ಇರದು.

ಲಿಪಿಯ ಬಗ್ಗೆಯೂ ಒಂದು ಮಾತು. ಅಶೋಕನ ಬ್ರಾಹ್ಮಿಯಲ್ಲಿ ದ್ವಿತ್ವ ಬರೆಯುವ ರೂಢಿ ಇರಲಿಲ್ಲ. ಬಾಯಲ್ಲಿ ‘ದೆಕ್ಖತಿ’ ಎಂದಿದ್ದರೂ ಕಲ್ಲಿನಲ್ಲಿ ‘ದೇಖತಿ’ ಎಂದೇ ಬರುತ್ತದೆ. ಎಕಾರಕ್ಕೆ ಅಕ್ಷರದ ತಲೆಯ ಎಡಕ್ಕೆ ಒಂದು ಅಡ್ಡಗೀಟು ಎಳೆದರೆ ಮುಗಿಯಿತು. ಆ ಗೀಟು ಇದ್ದರೆ ‘ದೇ’, ಇಲ್ಲದಿದ್ದರೆ ‘ದ’. ಒಡಿಶಾದ ಧೌಲಿಯಲ್ಲಿ ಬಂಡೆಯ ಮೇಲಿರುವ, ವಿದ್ವಾಂಸರು ‘ಪ್ರತ್ಯೇಕ ಶಾಸನ’ಗಳೆಂದು ಕರೆಯುವ ಅಶೋಕನ ಬರಹಗಳಲ್ಲಿ ‘ದಖಾಮಿ’ (ನಾನು ಕಾಣುತ್ತೇನೆ) ಎಂಬ ರೂಪವೂ ಇದೆ, ‘ದೇಖತ’ ಎಂಬ ರೂಪವೂ ಇದೆ. ಎರಡೂ ಸ್ವರಗಳು ಒಂದೇ ಕಾಲದಲ್ಲಿ, ಒಂದೇ ಆಡಳಿತದ ಭಾಷೆಯಲ್ಲಿ ಜೀವಂತವಾಗಿದ್ದವು. ಪಂಡಿತರು ಇಂಥದೊಂದೇ ಮೂಲ ಎಂದು ಪಟ್ಟು ಹಿಡಿದಲ್ಲಿ, ಆಡುವ ಜನರಿಗೆ ಎರಡು ಮೂರು ಮೂಲಗಳು ಒಟ್ಟಿಗೆ ಒದಗಿಬಂದಿರಬಹುದು ಎಂದು ನನಗೆ ತೋರುವುದು ಇದರಿಂದಲೇ.

ಧೌಲಿಯ ಆ ಪ್ರತ್ಯೇಕ ಶಾಸನಗಳು ಒಡಿಶಾದ ಹೊರಗೆ ಸಿಕ್ಕಿರುವುದು ಒಂದೇ ಕಡೆ, ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ. ಭೀಮಾ ನದಿಯ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಮಾಡು ಕುಸಿದು, ಮೂರ್ತಿಯ ಪೀಠವಾಗಿದ್ದ ಚಪ್ಪಡಿಯನ್ನು ಸರಿಸಿದಾಗ ಅದರ ಎರಡೂ ಮೈಯಲ್ಲಿ ಅಶೋಕನ ಬರಹ ಕಂಡಿತು. ನಾನು ಏನನ್ನು ಸರಿಯೆಂದು ಕಾಣುತ್ತೇನೋ ಅದನ್ನು ಕೆಲಸದಲ್ಲಿ ಮಾಡಿ ತೋರಿಸಲು ಬಯಸುತ್ತೇನೆ ಎಂಬ ಅರ್ಥದ ಮಾತು ಈ ಪ್ರತ್ಯೇಕ ಶಾಸನಗಳ ಪಾಠದಲ್ಲಿದೆ. ಅಲ್ಲಿ ಕಾಣುವುದು ಬರಿಗಣ್ಣಿನ ಕೆಲಸ ಅಲ್ಲ, ಅದು ತಿಳಿಯುವುದು, ತೂಗುವುದು. ಕ್ರಿಯಾಪದದ ಅರ್ಥ ಕಣ್ಣಿನಿಂದ ಬುದ್ಧಿಗೆ ಆಗಲೇ ದಾಟಿತ್ತು.

ಅರ್ಥದ ವಿಚಾರದಲ್ಲಿ ಕನ್ನಡಿಗರಿಗೆ ಇನ್ನೊಂದು ಅನುಕೂಲವಿದೆ. ನಮ್ಮಲ್ಲಿ ‘ಕಾಣು’ ಬೇರೆ, ‘ನೋಡು’ ಬೇರೆ. ನೋಡಿದರೂ ಕಾಣದಿರಬಹುದು, ನೋಡದೆಯೂ ಕಂಡೀತು. ಸಂಸ್ಕೃತದ ‘ದೃಶ್’ ಹೆಚ್ಚಾಗಿ ಕಾಣುವ ಕಡೆಗೆ ವಾಲಿದ ಧಾತು, ‘ಪ್ರೇಕ್ಷ್’ ಗಮನವಿಟ್ಟು ನೋಡುವ ಕಡೆಗೆ. ‘ದೆಕ್ಖಇ’ ಎರಡನ್ನೂ ಹೊತ್ತುಕೊಂಡಿತು. ಆಮೇಲೆ ಹಿಂದಿ ಆ ಅಂತರವನ್ನು ಮತ್ತೆ ಕಟ್ಟಿಕೊಳ್ಳಬೇಕಾಯಿತು: ‘ದೇಖನಾ’ ಎಂದರೆ ನೋಡುವುದು, ‘ದಿಖನಾ’ ಎಂದರೆ ಕಾಣಿಸುವುದು.

ಇಷ್ಟು ಹಳೆಯ, ಇಷ್ಟು ಬಳಕೆಯ ಕ್ರಿಯಾಪದವನ್ನು ಪ್ರಾಕೃತದ ವೈಯಾಕರಣರು ಮಾತ್ರ ಮುಂಬಾಗಿಲಿನಿಂದ ಒಳಗೆ ಕರೆಯಲಿಲ್ಲ. ವರರುಚಿಯ ಪ್ರಾಕೃತಪ್ರಕಾಶ ಶೌರಸೇನಿಗೆ ‘ಪೆಕ್ಖ’ ಎಂದು ವಿಧಿಸುತ್ತದೆ. ಜೈನ ಆಗಮಗಳ ಅರ್ಧಮಾಗಧಿಯಲ್ಲಿ ‘ಜಾಣಇ ಪಾಸಇ’ (ಅರಿಯುತ್ತಾನೆ, ಕಾಣುತ್ತಾನೆ) ಎಂಬ ಜೋಡಿ ಮಂತ್ರದಂತೆ ಮರುಕಳಿಸುತ್ತದೆ. ಈ ‘ಪಾಸಇ’ ಹಳೆಯ ‘ಪಶ್ಯತಿ’ಯೇ, ಮರಾಠಿಯ ‘ಪಾಹಣೆ’ಗೆ ತಾಯಿ. 12ನೇ ಶತಮಾನದಲ್ಲಿ ಗುಜರಾತಿನ ಪಾಟಣದಲ್ಲಿ ಚೌಲುಕ್ಯ ಅರಸು ಸಿದ್ಧರಾಜ ಜಯಸಿಂಹನ ಆಶ್ರಯದಲ್ಲಿ ಹೇಮಚಂದ್ರಾಚಾರ್ಯ ತನ್ನ ಮಹಾವ್ಯಾಕರಣ ಬರೆದಾಗ, ಎಂಟನೆಯ ಅಧ್ಯಾಯವನ್ನು ಪೂರ್ತಿಯಾಗಿ ಪ್ರಾಕೃತಕ್ಕೆ ಮೀಸಲಿಟ್ಟ. ಅದರ ನಾಲ್ಕನೆಯ ಪಾದದಲ್ಲಿ ‘ದೃಶ್’ ಧಾತುವಿನ ಬದಲಿಗೆ ಬರುವ ರೂಪಗಳ ಉದ್ದನೆಯ ಸರವೊಂದಿದೆ. ನಿಅಚ್ಛ, ಪೆಚ್ಛ, ಅವಯಚ್ಛ, ಪುಲೋಅ, ಪುಲಅ, ಪಾಸ ಹೀಗೆ ಹತ್ತಕ್ಕೂ ಮೀರಿದ ಮಾತುಗಳ ನಡುವೆ ಎಲ್ಲೋ ಒಂದು ಕಡೆ ‘ದೆಕ್ಖ’ ಕುಳಿತಿದೆ. ಮುಂದೆ ಅರ್ಧ ಭಾರತವನ್ನು ಆಳುವ ಮಾತಿಗೆ ಅಲ್ಲಿ ಯಾವ ವಿಶೇಷ ಮರ್ಯಾದೆಯೂ ಇಲ್ಲ.

ಹೇಮಚಂದ್ರನ ಈ ಪಟ್ಟಿಯನ್ನು ವ್ಯುತ್ಪತ್ತಿ ಎಂದು ಓದುವುದು ತಪ್ಪು. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಪ್ರಾಕೃತವೆಂದರೆ ಕೆಟ್ಟ ಸಂಸ್ಕೃತ ಎಂಬ ತಿರಸ್ಕಾರ ಬೇರುಬಿಟ್ಟದ್ದು ಇಂಥ ತಪ್ಪು ಓದಿನಿಂದ. ‘ದೃಶ್ ಧಾತುವಿಗೆ ದೆಕ್ಖ ಆದೇಶ’ ಎಂದರೆ ಸಂಸ್ಕೃತದಲ್ಲಿ ದೃಶ್ ಬರುವ ಜಾಗದಲ್ಲಿ ಪ್ರಾಕೃತದಲ್ಲಿ ಇದನ್ನು ಬಳಸಿ ಎಂದಷ್ಟೇ ಅರ್ಥ. ಇದು ಅದರಿಂದ ಹುಟ್ಟಿತು ಎಂದು ಅವನು ಹೇಳುವುದಿಲ್ಲ. ಬೇರೆಯವರು ದೇಶೀ ಶಬ್ದಗಳೆಂದು ಎಣಿಸಿದ ಕ್ರಿಯಾಪದಗಳನ್ನು ತಾನು ಧಾತ್ವಾದೇಶಗಳಾಗಿ ಕೊಟ್ಟಿದ್ದೇನೆ, ಪ್ರತ್ಯಯ ಹಚ್ಚಲು ಅನುಕೂಲವಾಗಲೆಂದು, ಎಂದು ಅವನೇ ಅಲ್ಲಿ ಸ್ಪಷ್ಟಪಡಿಸಿದ್ದಾನೆ. ಎಷ್ಟು ಪ್ರಾಮಾಣಿಕ ಮಾತು! ಸಂಸ್ಕೃತ ಬಲ್ಲವರಿಗೆ ಪ್ರಾಕೃತ ಕಲಿಸುವ ಕೈಪಿಡಿ ಅದು. ‘ದೆಕ್ಖ’ದ ಚರಿತ್ರೆ ಹೇಳುವುದೂ ಪ್ರಾಕೃತ ಕೆಟ್ಟ ಸಂಸ್ಕೃತವಲ್ಲ ಎಂದೇ. ಸಂಸ್ಕೃತ ಖಾಲಿ ಬಿಟ್ಟ ಜಾಗವೊಂದನ್ನು ಜನ ತಮ್ಮ ಕೈಯಲ್ಲಿದ್ದ ಸಾಮಗ್ರಿಯಿಂದಲೇ ತುಂಬಿಕೊಂಡರು, ಭವಿಷ್ಯತ್ತನ್ನು ವರ್ತಮಾನಕ್ಕೆ ಎಳೆದರು, ನೆರೆಯ ಮಾತಿನ ಸ್ವರ ಕಡ ತಂದರು. ಇದು ಸವಕಲಲ್ಲ, ಸೃಷ್ಟಿ.

ಪ್ರಾಕೃತದ ಕೊನೆಯ ಹಂತವಾದ ಅಪಭ್ರಂಶದ ಕಾಲಕ್ಕೆ ‘ದೆಕ್ಖ’ ಸಾಹಿತ್ಯದಲ್ಲೂ ತಲೆಯೆತ್ತಿತು. ಅಲ್ಲಿ ‘ಪೆಕ್ಖಿವಿ’, ‘ದೆಕ್ಖಿವಿ’ (ನೋಡಿ, ಕಂಡು) ಎರಡೂ ಬಳಕೆಯ ಮಾತುಗಳು. ಅಪಭ್ರಂಶದ ಬಹು ದೊಡ್ಡ ಕಾವ್ಯಗಳಲ್ಲಿ ಒಂದಾದ ಪುಷ್ಪದಂತನ ಮಹಾಪುರಾಣ ಮುಗಿದದ್ದು 965ರಲ್ಲಿ, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದಲ್ಲಿ, ಎಂದರೆ ಸನ್ನತಿ ಇರುವ ಅದೇ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ. ಪ್ರಾಕೃತವನ್ನು ಕಾಪಾಡಿದ ಕೀರ್ತಿಯಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು. ಷಟ್ಖಂಡಾಗಮವೆಂಬ ಜೈನ ಗ್ರಂಥಕ್ಕೆ ವೀರಸೇನರು ಬರೆದ ಧವಲಾ ಟೀಕೆ ಶತಮಾನಗಳ ಕಾಲ ಉಳಿದುಬಂದದ್ದು ಮೂಡುಬಿದಿರೆಯ ತಾಳೆಗರಿಗಳಲ್ಲಿ, ಭಾಷೆ ಹೆಚ್ಚಾಗಿ ಪ್ರಾಕೃತ, ಲಿಪಿ ಹಳಗನ್ನಡ. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದ ಆ.ನೇ. ಉಪಾಧ್ಯೆ ಅವರು ಪ್ರವಚನಸಾರ, ಕುವಲಯಮಾಲಾ ಮುಂತಾದ ಪ್ರಾಕೃತ ಗ್ರಂಥಗಳನ್ನು ಸಂಪಾದಿಸಿದ ರೀತಿ ಜಗತ್ತಿನ ವಿದ್ವಾಂಸರಿಗೆ ಮಾದರಿಯಾಯಿತು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಪಿಶೆಲ್ ಅವರಿಗೆ ಮಾತ್ರ ಭಾರತದ ನೆಲದಲ್ಲಿ ಹೆಚ್ಚು ದಿನ ಇರುವ ಭಾಗ್ಯ ಸಿಗಲಿಲ್ಲ. ಪ್ರಾಕೃತದ ಬಗ್ಗೆ ಉಪನ್ಯಾಸ ಕೊಡಲು ಕಲ್ಕತ್ತ ವಿಶ್ವವಿದ್ಯಾಲಯದ ಕರೆಯ ಮೇರೆಗೆ ಹೊರಟ ಅವರು 1908ರ ಡಿಸೆಂಬರಿನಲ್ಲಿ ಮದರಾಸಿನಲ್ಲೇ ತೀರಿಕೊಂಡರು. ಬದುಕಿಡೀ ಓದಿದ ಭಾಷೆಗಳ ದೇಶಕ್ಕೆ ಬಂದು ಆ ಉಪನ್ಯಾಸಗಳನ್ನು ಕೊಡಲಾಗದೆ ಹೋದದ್ದು ನೆನೆದಾಗಲೆಲ್ಲ ಸಂಕಟವಾಗುತ್ತದೆ.

‘ದೆಕ್ಖ’ ನಡೆದ ದೂರ ಅಳತೆಗೆ ಸಿಗುವುದಿಲ್ಲ. ಬಂಗಾಳಿ, ಅಸ್ಸಾಮಿ, ಒಡಿಯಾ, ನೇಪಾಳಿ, ಗುಜರಾತಿಗಳಲ್ಲಿ ಅದು ಮನೆಮಾತು. ಪಂಜಾಬಿಯಲ್ಲಿ ‘ದೇಖ್’ ಜೊತೆಗೆ ‘ವೇಖ್’ ಕೂಡ ಇದೆ, ಅಶೋಕನ ‘ಪಟಿವೇಖ’ವನ್ನು ನೆನಪಿಸುವ ಹಾಗೆ. ಸಿಂಹಳದ ‘ದಕಿನವಾ’ ಹಳೆಯ ಅಕಾರವನ್ನು ಇವತ್ತಿಗೂ ಬಿಟ್ಟಿಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಭಾರತ ಬಿಟ್ಟು ಪರ್ಷಿಯಾ, ಅರ್ಮೇನಿಯಾ ಹಾದು ಯುರೋಪಿಗೆ ಹೋದ ರೋಮಾ ಜನ ‘ನಾನು ನೋಡುತ್ತೇನೆ’ ಎನ್ನಲು ‘ದಿಖಾವ್’ ಎನ್ನುತ್ತಾರೆ. ಲಂಕೆಯಲ್ಲಿ ಅಕಾರ, ಗಂಗೆಯ ಬಯಲಿನಲ್ಲಿ ಎಕಾರ, ಯುರೋಪಿನ ರೋಮಾ ಬಿಡಾರಗಳಲ್ಲಿ ಇಕಾರ. ಇವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದೇ ಋಕಾರದ ಮೂರು ಮಕ್ಕಳಂತೆ ಕಂಡು ಪಿಶೆಲ್ ವಾದಕ್ಕೆ ಬಲ ಬಂದಂತಾಗುತ್ತದೆ. ಆದರೆ ಒತ್ತಕ್ಷರದ ಮುಂದಿನ ಹ್ರಸ್ವ ಎಕಾರ ಇಕಾರಕ್ಕೆ ತಿರುಗುವುದೂ ಸಹಜವಾದ್ದರಿಂದ ಅದೊಂದರಿಂದಲೇ ವ್ಯಾಜ್ಯ ತೀರುವುದಿಲ್ಲ. ಬ್ರಿಟಿಷ್ ಸಿಪಾಯಿಗಳು ಹಿಂದೂಸ್ತಾನಿಯ ‘ದೇಖೋ’ವನ್ನು ತಮ್ಮ ಊರಿಗೆ ಹೊತ್ತೊಯ್ದರು. ಇಂಗ್ಲೆಂಡಿನ ಆಡುಮಾತಿನಲ್ಲಿ ‘ಡೆಕ್ಕೊ’ ಎಂದರೆ ಒಮ್ಮೆ ಕಣ್ಣು ಹಾಯಿಸುವುದು.

ಕನ್ನಡ ಈ ಕ್ರಿಯಾಪದವನ್ನು ಕ್ರಿಯಾಪದವಾಗಿ ತೆಗೆದುಕೊಳ್ಳಲಿಲ್ಲ. ‘ಕಾಣು’, ‘ನೋಡು’ ಎಂಬ ಎರಡು ಸ್ವಂತದ ಮಾತು ಇದ್ದವರಿಗೆ ಮೂರನೆಯದರ ಅಗತ್ಯ ಏನಿತ್ತು? ಅದರ ಬದಲು ಅದೇ ಕುಟುಂಬದ ನಾಮಪದವನ್ನು ಕನ್ನಡ ಪ್ರಾಕೃತದಿಂದ ತಂದುಕೊಂಡಿತು. ದೃಷ್ಟಿ ‘ದಿಟ್ಠಿ’ಯಾಗಿ ನಮ್ಮಲ್ಲಿ ‘ದಿಟ್ಟಿ’ ಆಯಿತು. ಅದಕ್ಕೆ ‘ಇಸು’ ಹಚ್ಚಿ ‘ದಿಟ್ಟಿಸು’ ಎಂಬ ಹೊಸ ಕ್ರಿಯಾಪದ ಮಾಡಿಕೊಂಡೆವು. ಬಣ್ಣಿಸು, ಸಿಂಗರಿಸು, ಪಸರಿಸು ಎಲ್ಲವೂ ಇದೇ ಕಮ್ಮಟದವು. ‘ದೇಖ್’ ಮಾತ್ರ ಬಹಳ ತಡವಾಗಿ, ಮರಾಠಿ ಮತ್ತು ಹಿಂದೂಸ್ತಾನಿಯ ಬೆನ್ನೇರಿ ಉತ್ತರ ಕರ್ನಾಟಕಕ್ಕೆ ಬಂತು. ಹಳೆಯ ಕಾದಂಬರಿಗಳಲ್ಲಿ, ಕಂಪನಿ ನಾಟಕಗಳ ಜಾಹೀರಾತಿನಲ್ಲಿ ‘ದೇಖಾವೆ’ ಇದೆ. ಉಸ್ತುವಾರಿಗೆ ‘ದೇಖರೇಖಿ’ ಎನ್ನುವ ಹಿರಿಯರು ಧಾರವಾಡದ ಕಡೆ ಈಗಲೂ ಸಿಗುತ್ತಾರೆ.

ಕನ್ನಡದೊಳಗೆ ಅದರ ಗುರುತು ಇಷ್ಟೇ ಆದರೂ ಕರ್ನಾಟಕದೊಳಗೆ ಹಾಗಲ್ಲ. ಮಂಗಳೂರಿನ ಕೊಂಕಣಿಯವರು ‘ಹಾಂವೆಂ ದೆಖ್ಲೆಂ’ (ನಾನು ನೋಡಿದೆ) ಎನ್ನುತ್ತಾರೆ. ಅವರಲ್ಲಿ ‘ದೇಖ್’ ಎಂದರೆ ಮೇಲ್ಪಂಕ್ತಿ ಎಂಬ ಅರ್ಥವೂ ಇದೆ, ಉಳಿದವರು ನೋಡಿ ಕಲಿಯಬೇಕಾದ ನಡತೆ. ಲಂಬಾಣಿ ತಾಂಡಾಗಳಲ್ಲಿ, ಬೀದರ್, ಕಲಬುರಗಿ, ವಿಜಯಪುರಗಳ ದಖನಿ ಮಾತಿನಲ್ಲಿ ಈ ಕ್ರಿಯಾಪದವಿಲ್ಲದೆ ದಿನ ಸಾಗದು. ಸನ್ನತಿಯ ಶಾಸನ ಓದಲು ಲಿಪಿತಜ್ಞರು ಬೇಕು. ಅದರ ಭಾಷೆಯ ಕ್ರಿಯಾಪದ ಕೇಳಬೇಕೆಂದರೆ ಕಲಬುರಗಿಯ ಸಂತೆಗೆ ಹೋದರೆ ಸಾಕು, ಗಿರಾಕಿಯನ್ನು ಕರೆಯುವ ದಖನಿ ವ್ಯಾಪಾರಿಯ ಮೊದಲ ಮಾತೇ ‘ದೇಖೋ’.